ಮಂಗನ ಕಾಯಿಲೆಯ ಕಾಲಕ್ಕೆ ಡ್ರೋನ್: ಮಲೆನಾಡಿಗೆ ಯಾವುದು ಬೇಕು, ಯಾವುದು ಬೇಡ?

ಹಿನ್ನೀರಿನ ಮೇಷ್ಟ್ರು, ಸಾಗರ ತಾಲ್ಲೂಕು

ಅಡಿಕೆಯ ಕೊನೆಕೊಯ್ಲು ಮುಗಿಯುತ್ತ ಬಂತು. ಇನ್ನು ಸೊಪ್ಪು, ದರಕು (ಉದುರಿದ ಒಣ ಎಲೆ), ಸೌದೆ ಎಂದು ಊರಿನ ಅರ್ಧ ಜನ ಬೆಟ್ಟ ಹತ್ತುತ್ತಾರೆ. ಬೆಟ್ಟದಲ್ಲಿ ಉಣುಗು ಕಾದು ಕುಳಿತಿರುತ್ತದೆ, ಕಚ್ಚಿ ಮಂಗನ ಕಾಯಿಲೆ ಅಂಟಿಸುವ ಸಣ್ಣ ಹುಳು ಅದು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನಮ್ಮ ಕಡೆ ಯಾರಿಗೆ ಮೈ ಬಿಸಿಯಾದರೂ ಮನೆಯವರ ಎದೆ ಮೊದಲು ನಡುಗುವುದು ಮಂಗನ ಕಾಯಿಲೆಯ ನೆನಪಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಇದು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಜಿಲ್ಲೆಯ ಒಂದು ಕಾಡಿನ ಹೆಸರು ಉಳಿದಿರುವುದು ಹೀಗೆ. 2018ರ ಡಿಸೆಂಬರ್‌ನಿಂದ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಈ ಕಾಯಿಲೆ ಹರಡಿ ಜನ ಸತ್ತದ್ದನ್ನು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರಿಗೆ ಜ್ವರ ಬಂತು. ಶುಕ್ರವಾರ ಸಂಜೆ ರಕ್ತ ತೆಗೆದರು. ಮಾದರಿ ಒಯ್ಯುವ ವಾಹನ ಹೊರಟದ್ದು ಸೋಮವಾರ. ವರದಿ ಕೈಸೇರಿದ್ದು ಗುರುವಾರ. ಆಕೆ ಬದುಕಿದರು, ಈಗಲೂ ಗಟ್ಟಿಯಾಗಿದ್ದಾರೆ. ನನ್ನನ್ನು ಕಾಡುವುದು ಬೇರೆ ಸಂಗತಿ. ಆ ಆರು ದಿನವೂ ಅವರ ಕೇರಿಯ ಏಳೆಂಟು ಮಂದಿ ಅದೇ ಬೆಟ್ಟಕ್ಕೆ ದರಕು ಗುಡಿಸಲು ಹೋಗಿ ಬಂದರು. ಹೋಗಬೇಡಿ ಎಂದು ಹೇಳಲು ಯಾರ ಬಳಿಯೂ ಆಧಾರವಿರಲಿಲ್ಲ. ವಾರ ಕಳೆಯುವುದರೊಳಗೆ ಅವರಲ್ಲಿ ಇನ್ನಿಬ್ಬರು ಹಾಸಿಗೆ ಹಿಡಿದರು. ಈ ಕಾಯಿಲೆಗೆ ಇದೇ ಮದ್ದು ಎಂಬುದಿಲ್ಲ, ಆರೈಕೆಯೊಂದೇ ದಾರಿ. ಹಾಗಾಗಿ ವರದಿಯ ಅವಸರ ರೋಗಿಗೆ ಎಷ್ಟಿದೆಯೋ ಅವರ ನೆರೆಹೊರೆಗೆ ಅದಕ್ಕಿಂತ ಹೆಚ್ಚಿದೆ.

ಈಗ ವಿಷಯಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 4ರಂದು ಮಣಿಪುರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಕೋವಿಡ್ ಲಸಿಕೆಯನ್ನು ಬಿಷ್ಣುಪುರದ ಜಿಲ್ಲಾ ಆಸ್ಪತ್ರೆಯಿಂದ ಲೋಕ್ತಾಕ್ ಸರೋವರದೊಳಗಿನ ಕರಾಂಗ್ ದ್ವೀಪಕ್ಕೆ ಡ್ರೋನ್‌ನಲ್ಲಿ ಕಳುಹಿಸಿದರು. ರಸ್ತೆಯಲ್ಲಿ 26 ಕಿಲೋಮೀಟರ್, ಆಕಾಶದಲ್ಲಿ 15. ಹಾರಾಟಕ್ಕೆ ಹಿಡಿದದ್ದು 12ರಿಂದ 15 ನಿಮಿಷ. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಹಿನ್ನೀರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ನಮ್ಮೂರುಗಳೆಲ್ಲ ದ್ವೀಪಗಳೇ ಅಲ್ಲವೇ? ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಪ್ರಯೋಗಾಲಯಕ್ಕೆ ಇಂಥದೊಂದು ಜಾಲ ನಮ್ಮಲ್ಲೇಕೆ ಆಗಬಾರದು? ತಿಳಿದವರು ಹೇಳಿ. ಆಗದು ಎನ್ನುವವರು ಕಾರಣವನ್ನೂ ಬರೆಯಿರಿ.


ಕೊಪ್ಪದ ಎಂಜಿನಿಯರ್, ಸದ್ಯ ಬೆಂಗಳೂರು

ಮೇಷ್ಟ್ರೇ, ಖಂಡಿತ ಆಗಬೇಕು. ನಮ್ಮ ರಾಜ್ಯದಲ್ಲೇ 2021ರ ಜೂನ್‌ನಲ್ಲಿ ಗೌರಿಬಿದನೂರಿನ ಬಳಿ ಔಷಧಿ ಹೊತ್ತ ಡ್ರೋನ್‌ಗಳನ್ನು ಕಣ್ಣಳತೆಯಾಚೆ ಹಾರಿಸಿ ಪರೀಕ್ಷೆ ನಡೆಸಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತೆಲಂಗಾಣದ ವಿಕಾರಾಬಾದ್‌ನಲ್ಲಿ ಲಸಿಕೆ ಮತ್ತು ಔಷಧಿ ಸಾಗಣೆಯ ಯೋಜನೆ ಆರಂಭವಾಯಿತು. ಆಫ್ರಿಕಾದ ರುವಾಂಡಾದಲ್ಲಿ 2016ರಿಂದಲೇ ರಕ್ತದ ಚೀಲಗಳು ಹಾರುತ್ತಿವೆ. ಗುಡ್ಡಗಳ ದೇಶ ಅದು. ಮಳೆಗಾಲದಲ್ಲಿ ಅಲ್ಲಿನ ರಸ್ತೆಗಳ ಪಾಡು ನಮ್ಮ ಘಟ್ಟದ ರಸ್ತೆಗಳಿಗಿಂತ ಹಗುರವಲ್ಲ. ಅಲ್ಲಿ ಡ್ರೋನ್ ಆಸ್ಪತ್ರೆಯಲ್ಲಿ ಇಳಿಯುವುದೇ ಇಲ್ಲ. ಮೇಲಿನಿಂದ ಪೆಟ್ಟಿಗೆಯನ್ನು ಪುಟ್ಟ ಪ್ಯಾರಾಚೂಟ್ ಕಟ್ಟಿ ಬಿಟ್ಟು ಹಿಂದಿರುಗುತ್ತದೆ. ಘಾನಾದಲ್ಲಿ 2020ರ ಏಪ್ರಿಲ್‌ನಲ್ಲಿ ಕೋವಿಡ್ ಮಾದರಿಗಳನ್ನು ಹಳ್ಳಿಗಳಿಂದ ಪ್ರಯೋಗಾಲಯಕ್ಕೆ ತಂದದ್ದೂ ಇದೇ ಬಗೆಯ ವಿಮಾನಗಳು.

ನನ್ನದೊಂದು ಸಲಹೆ. ಸಾಗಣೆಯ ಜೊತೆಗೆ ಸತ್ತ ಮಂಗಗಳನ್ನು ಹುಡುಕುವ ಕೆಲಸವನ್ನೂ ಡ್ರೋನ್‌ಗೆ ಕೊಡಬಹುದು. ಶಾಖ ಗುರುತಿಸುವ ಕ್ಯಾಮೆರಾ ಕಟ್ಟಿ ಬೆಳಗಿನ ಜಾವ ಕಾಡಿನ ಮೇಲೆ ಹಾರಿಸಿದರೆ ಮಂಗಗಳ ಗುಂಪು ಎಲ್ಲಿದೆ, ಎಲ್ಲಿ ಸಾವು ಆಗಿದೆ ಎಂಬ ನಕ್ಷೆ ಸಿದ್ಧವಾಗುತ್ತದೆ. ಊರಿಗೆ ಕಾಯಿಲೆ ಬರುವ ಮೊದಲೇ ಎಚ್ಚರಿಸಬಹುದು.


ಆಶಾ ಕಾರ್ಯಕರ್ತೆ, ಹಿನ್ನೀರಿನಾಚೆ

ಎಂಜಿನಿಯರ್ ಅಣ್ಣನವರಿಗೆ ನಮಸ್ಕಾರ. ಸತ್ತ ಮಂಗದ ಮೈ ಸ್ವಲ್ಪ ಹೊತ್ತಿಗೆಲ್ಲ ತಣ್ಣಗಾಗಿ ನೆಲದ ಹಾಗೆಯೇ ಆಗುತ್ತದೆ. ಶಾಖದ ಕ್ಯಾಮೆರಾಕ್ಕೆ ಅದು ಹೇಗೆ ಕಂಡೀತು? ನಮ್ಮ ಕಾನುಗಳಲ್ಲಿ, ಅಂದರೆ ದಟ್ಟ ಕಾಡುಗಳಲ್ಲಿ, ನಡು ಮಧ್ಯಾಹ್ನವೂ ಬಿಸಿಲು ನೆಲಕ್ಕೆ ಬೀಳುವುದಿಲ್ಲ. ಮೇಲಿನಿಂದ ನೋಡಿದರೆ ಎಲೆಯ ಮೇಲೆ ಎಲೆ, ಅಷ್ಟೇ. ನಾನು ಈವರೆಗೆ ನಾಲ್ಕು ಸತ್ತ ಮಂಗಗಳ ಸುದ್ದಿ ಕೊಟ್ಟಿದ್ದೇನೆ. ಒಂದು ಮುಸುವ, ಮೂರು ಕೆಂಪು ಮಂಗ. ಒಂದನ್ನು ತೋರಿಸಿದ್ದು ದನ ಕಾಯುವ ಹುಡುಗ. ಎರಡು ನಾಯಿ ಎಳೆದಾಡಿದ್ದು. ಇನ್ನೊಂದನ್ನು ವಾಸನೆ ಹಿಡಿದು ನಾನೇ ಹುಡುಕಿದೆ. ಡ್ರೋನ್‌ಗೆ ಮೂಗಿಲ್ಲ.

ಸುದ್ದಿ ಕೊಟ್ಟ ಮೇಲೆ ಇಲಾಖೆಯವರು ಬಂದು ಸುತ್ತ 50 ಮೀಟರ್ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಎರಚಿಸುತ್ತಾರೆ. ತಡವಾಗುವುದು ಆ ಸುದ್ದಿ ಮುಟ್ಟಿಸುವುದರಲ್ಲಿ. ನಮ್ಮ ಕೇರಿಯಲ್ಲಿ ಸಿಗ್ನಲ್ ಇಲ್ಲ. ಫೋಟೊ ಕಳುಹಿಸಲು ನಾನು ಗುಡ್ಡ ಹತ್ತಿ ಹಲಸಿನ ಮರದ ಹತ್ತಿರ ನಿಲ್ಲಬೇಕು. ಆಕಾಶದಲ್ಲಿ ಜಾಲ ಕಟ್ಟುವವರು ಮೊದಲು ಆ ಹಲಸಿನ ಮರದ ಸಿಗ್ನಲ್ ಅನ್ನು ನಮ್ಮ ಮನೆ ಬಾಗಿಲಿಗೆ ತಂದುಕೊಡಿ ಎಂದು ಕೇಳಿಕೊಳ್ಳುತ್ತೇನೆ.


ಕೊಪ್ಪದ ಎಂಜಿನಿಯರ್, ಸದ್ಯ ಬೆಂಗಳೂರು

ಅಕ್ಕ, ನೀವು ಹೇಳಿದ್ದು ಸರಿ. ತಣ್ಣಗಾದ ಮೈಯ ವಿಷಯ ನಾನು ಯೋಚಿಸಿರಲಿಲ್ಲ. ಬದುಕಿರುವ ಗುಂಪನ್ನು ಎಲೆ ಉದುರುವ ಕಾಡಿನಲ್ಲಿ ಗುರುತಿಸಬಹುದು, ಆದರೆ ಜ್ವರ ಬಂದ ಮಂಗ ಯಾವುದು ಎಂದು ಮೇಲಿನಿಂದ ಹೇಳಲಾಗದು. ಆ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ.


ತೀರ್ಥಹಳ್ಳಿಯ ಆರೋಗ್ಯ ಸಹಾಯಕಿ

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಮಾದರಿ ತಡವಾಗುವುದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಡ್ರೋನ್ ಇದರಲ್ಲಿ ಒಂದು ತುಂಡನ್ನು ಮಾತ್ರ ಕಡಿಮೆ ಮಾಡುತ್ತದೆ.

ಜ್ವರ ಬಂದವರು ಮೊದಲ ಎರಡು ದಿನ ಮನೆಯಲ್ಲೇ ಕಷಾಯ ಕುಡಿದು ಮಲಗುತ್ತಾರೆ. ಮೂರನೆಯ ದಿನ ಸಂತೆಯ ಅಂಗಡಿಯ ಮಾತ್ರೆ. ನಮ್ಮ ಬಳಿ ಬರುವಾಗ ನಾಲ್ಕು ದಿನ ಕಳೆದಿರುತ್ತದೆ. ರಕ್ತ ತೆಗೆದು, ನಮೂನೆ ತುಂಬಿ, ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಗೆ ಹಾಕುತ್ತೇವೆ. ಒಂದೇ ಮಾದರಿಗೆ ಜೀಪು ಕಳುಹಿಸುವುದಿಲ್ಲ. ನಾಲ್ಕೈದು ಸೇರಲಿ ಎಂದು ಕಾಯುತ್ತಾರೆ. ಅದರ ಮೇಲೆ ರಜೆ ಬಂದರೆ ಇನ್ನೊಂದು ದಿನ. ಪ್ರಯೋಗಾಲಯದಲ್ಲೂ ಒಟ್ಟು ಸೇರಿಸಿಯೇ ಪರೀಕ್ಷೆ ಮಾಡುವುದು. ಇದರಲ್ಲಿ ದಾರಿಯ ಪಾಲು ಎಷ್ಟು? ನಾಲ್ಕು ಗಂಟೆ. ಉಳಿದದ್ದೆಲ್ಲ ಕಾಯುವಿಕೆ.

ಆದರೂ ನಾನು ಡ್ರೋನ್ ಬೇಡ ಎನ್ನುವುದಿಲ್ಲ. ಜೀಪಿಗೆ ಒಂದು ಕೊಳವೆ ಭಾರವಲ್ಲ, ಆದರೆ ಲೆಕ್ಕದಲ್ಲಿ ಭಾರ. ಡೀಸೆಲ್ಲು, ಚಾಲಕ, ಇಡೀ ದಿನ. ಡ್ರೋನ್‌ಗೆ ಒಂದೇ ಮಾದರಿಗೂ ಹೊರಡುವುದು ಸುಲಭ. ನಾಲ್ಕೈದು ಸೇರಲಿ ಎಂಬ ಮಾತು ತಪ್ಪುವುದಾದರೆ, ಅದೊಂದಕ್ಕಾಗಿಯೇ ನಾನು ಇದರ ಪರ ಕೈ ಎತ್ತುತ್ತೇನೆ.

ಕೋವಿಡ್ ಕಾಲದಲ್ಲಿ ಕೆಲವು ನಗರಗಳಲ್ಲಿ ಡ್ರೋನ್‌ನಿಂದ ಬೀದಿಗಳಿಗೆ ಸೋಂಕು ನಿವಾರಕ ಸಿಂಪಡಿಸಿದ್ದನ್ನು ಟಿವಿಯಲ್ಲಿ ನೋಡಿ ನಮ್ಮೂರಿಗೂ ಬೇಕು ಎಂದು ಆಗ ಕೆಲವರು ಕೇಳಿದ್ದರು. ಬೀದಿಗೆ ಹೀಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ, ಜನರ ಕಣ್ಣು, ಚರ್ಮ, ಉಸಿರಿಗೆ ಹಾನಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತು. ಹಾರುವ ಯಂತ್ರ ಕಂಡರೆ ಏನೋ ನಡೆಯುತ್ತಿದೆ ಎಂಬ ಸಮಾಧಾನವಾಗುತ್ತದೆ. ಆ ಸಮಾಧಾನಕ್ಕೆ ಮತ್ತೆ ಹಣ ಸುರಿಯುವುದು ಬೇಡ.


ತೋಟಕ್ಕೆ ಔಷಧಿ ಹೊಡೆಯುವ ಪೈಲಟ್, ಹೊಸನಗರ

ನಾನು ಮೂರು ವರ್ಷದಿಂದ ಅಡಿಕೆ ತೋಟಗಳಿಗೆ ಡ್ರೋನ್‌ನಲ್ಲಿ ಔಷಧಿ ಹೊಡೆಯುತ್ತಿದ್ದೇನೆ. ಎಲೆಚುಕ್ಕೆ ರೋಗ ಬಂದ ಮೇಲೆ ಕೆಲಸ ಹೆಚ್ಚಾಗಿದೆ. ಪೈಲಟ್ ಪ್ರಮಾಣಪತ್ರವಿದೆ. ನಮ್ಮ ಅಂಗಳದಲ್ಲಿರುವ ಡ್ರೋನ್‌ನಲ್ಲೇ ರಕ್ತ ಒಯ್ಯಬಹುದಲ್ಲ ಎಂದು ಊರಿನವರು ಕೇಳುತ್ತಾರೆ. ಆಗುವುದಿಲ್ಲ. ತೋಟದ ಡ್ರೋನ್ ಹತ್ತು ಲೀಟರ್ ಹೊತ್ತು ಹತ್ತು ಹದಿನೈದು ನಿಮಿಷದಲ್ಲಿ ಬ್ಯಾಟರಿ ಮುಗಿಸುತ್ತದೆ. ಭಾರ ಹೊರುವುದಕ್ಕೆ ಅದು ಎತ್ತು. ದೂರ ಓಡುವುದಕ್ಕೆ ಕುದುರೆ ಬೇಕು. ನೇರವಾಗಿ ಮೇಲೇರಿ ಆಮೇಲೆ ರೆಕ್ಕೆಯ ಮೇಲೆ ತೇಲುವ ಬಗೆಯ ಡ್ರೋನ್‌ಗಳಿವೆ. ಎರಡು ಮೂರು ಕಿಲೋ ಹೊತ್ತು ಹತ್ತಾರು ಕಿಲೋಮೀಟರ್ ಹೋಗುತ್ತವೆ. ನಮಗೆ ಬೇಕಾದದ್ದು ಅದು.

ಒಂದು ವಿಷಯವನ್ನು ಇಲ್ಲಿ ಯಾರೂ ಹೇಳಲಿಲ್ಲ. ಡ್ರೋನ್‌ನ ದೊಡ್ಡ ಶತ್ರು ಮಳೆ. ಆಗುಂಬೆಯ ಜುಲೈ ತಿಂಗಳಲ್ಲಿ ಯಾವ ಸಣ್ಣ ಡ್ರೋನ್ ಕೂಡ ನಂಬಿಕೆಯ ಕೆಲಸ ಮಾಡಲಾರದು. ಮಲೆನಾಡಿಗೆ ಡ್ರೋನ್ ಎಂದಾಗ ಎಲ್ಲರೂ ಮಳೆಗಾಲದ ಕುಸಿದ ರಸ್ತೆಯನ್ನೇ ತೋರಿಸುತ್ತಾರೆ, ಆದರೆ ಆ ದಿನಗಳಲ್ಲೇ ಅದು ನೆಲ ಬಿಟ್ಟು ಏಳುವುದಿಲ್ಲ. ಮಂಗನ ಕಾಯಿಲೆ ಹಾಗಲ್ಲ. ಅದರ ಕಾಲ ಡಿಸೆಂಬರ್‌ನಿಂದ ಮೇ. ಆಕಾಶ ಬಿಚ್ಚಿರುತ್ತದೆ, ಕೊಯ್ಲಾದ ಗದ್ದೆಗಳು ಇಳಿಯಲು ಬಯಲಾಗಿರುತ್ತವೆ. ಕಾಯಿಲೆಯ ಋತುವೂ ಹಾರಾಟದ ಋತುವೂ ಒಂದೇ ಆಗಿರುವುದು ನಮ್ಮ ಪಾಲಿಗೆ ಸಿಕ್ಕ ಅನುಕೂಲ. ಬೆಳಿಗ್ಗೆ ಒಂಬತ್ತರವರೆಗೆ ಕಣಿವೆಯಲ್ಲಿ ಮಂಜು ಕಟ್ಟಿರುತ್ತದೆ. ಮಧ್ಯಾಹ್ನದ ಮೇಲೆ ಘಟ್ಟದ ಅಂಚಿನಲ್ಲಿ ಪಡುವಣ ಗಾಳಿ ಜೋರು. ಒಂಬತ್ತೂವರೆಯಿಂದ ಎರಡು ಗಂಟೆಯವರೆಗೆ ಹದವಾದ ಹೊತ್ತು. ರಕ್ತ ತೆಗೆಯುವುದೂ ಆ ಹೊತ್ತಿನಲ್ಲೇ ಅಲ್ಲವೇ?

ಅಪಾಯಗಳೂ ಇವೆ. ಶರಾವತಿ ವಿದ್ಯುದಾಗಾರದಿಂದ ಹೊರಡುವ ಹೈಟೆನ್ಷನ್ ತಂತಿಗಳು ಕಣಿವೆಯಿಂದ ಕಣಿವೆಗೆ ಹಾದಿವೆ. ಹಾರುವ ದಾರಿ ಗುರುತಿಸುವಾಗ ಒಂದೊಂದು ಗೋಪುರದ ಎತ್ತರವನ್ನೂ ಬರೆದುಕೊಳ್ಳಬೇಕು. ಸಂಪರ್ಕ ತಪ್ಪಿದರೆ ಡ್ರೋನ್ ತಾನೇ ಮನೆಗೆ ಮರಳುತ್ತದೆ. ಮರಳುವ ಎತ್ತರವನ್ನು ನಡುವಿನ ಗುಡ್ಡದ ಅತಿ ಎತ್ತರದ ಮರಕ್ಕಿಂತ ಮೇಲೆ ಇಡದಿದ್ದರೆ ಆ ಮರಕ್ಕೇ ಹೋಗಿ ಅಪ್ಪಳಿಸುತ್ತದೆ. ಹದ್ದುಗಳು ಎರಗುತ್ತವೆ. ಹೆಜ್ಜೇನು ಕಟ್ಟಿದ ಮರದ ಹತ್ತಿರ ರೆಕ್ಕೆಯ ಸದ್ದು ಮಾಡಲೇಬಾರದು. ಕೆಳಗೆ ಜನರಿದ್ದರೆ ಅನಾಹುತ.

ನಿಯಮದ ಮಾತು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶಕ್ಕೆ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಹಸಿರಿನಲ್ಲಿ 400 ಅಡಿಯವರೆಗೆ ಅನುಮತಿ ಕೇಳಬೇಕಾಗಿಲ್ಲ. ಶಿವಮೊಗ್ಗದ ಕಡೆಗೆ ಹೋಗುವುದಾದರೆ ಸೋಗಾನೆಯ ವಿಮಾನ ನಿಲ್ದಾಣವಿದೆ, 2023ರ ಫೆಬ್ರವರಿಯಿಂದ. ಅದರ ಸುತ್ತ ಬಣ್ಣ ಬದಲಾಗುತ್ತದೆ. ಅಣೆಕಟ್ಟಿನ ಸುತ್ತ, ಸಿಂಗಳೀಕ ಅಭಯಾರಣ್ಯದ ಮೇಲೆ ಹಾರಿಸಲು ಆಯಾ ಇಲಾಖೆಗಳನ್ನು ಕೇಳಲೇಬೇಕು. ಕಣ್ಣಳತೆಯಾಚೆ ಹಾರಿಸುವುದಕ್ಕೆ ಬೇರೆಯೇ ಒಪ್ಪಿಗೆ ಬೇಕು. ನನ್ನಂಥವನೊಬ್ಬ ಉತ್ಸಾಹದಿಂದ ಮಾಡಿಬಿಡುವ ಕೆಲಸ ಇದಲ್ಲ. ಆರೋಗ್ಯ ಇಲಾಖೆಯೇ ಮುಂದೆ ನಿಲ್ಲಬೇಕು.


ಬಸ್ ನಿಲ್ದಾಣದ ಹೋಟೆಲಿನವ, ಸಾಗರ

ಸೇತುವೆ ಬಂದಿದೆಯಲ್ಲ? 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನಾಚೆಯ ತುಮರಿಯವರು ಈಗ ಲಾಂಚಿಗೆ ಕಾಯುವುದಿಲ್ಲ. ಇನ್ನೂ ಡ್ರೋನ್ ಏಕೆ?


ಹಿನ್ನೀರಿನ ಮೇಷ್ಟ್ರು, ಸಾಗರ ತಾಲ್ಲೂಕು

ಸೇತುವೆ ಬಂದ ದಿನ ನಾನೂ ಅದರ ಮೇಲೆ ನಡೆದು ಹೋದೆ. ನೀರಿನ ನಡುವೆ ನಿಂತಾಗ ಕಣ್ಣು ತುಂಬಿತು. ಆರು ದಶಕ ಕಾದ ಸೇತುವೆ ಅದು. ಆದರೆ ಅದು ಒಂದು ದಾರಿ. ಹಿನ್ನೀರಿಗೆ ಹತ್ತಾರು ಬೆರಳುಗಳಿವೆ. ಒಂದೊಂದು ಬೆರಳಿನ ತುದಿಯಲ್ಲೂ ನಾಲ್ಕು ಮನೆ, ಎಂಟು ಮನೆ. ಅಲ್ಲಿಂದ ಡಾಂಬರು ರಸ್ತೆಗೆ ಬರುವುದೇ ಒಂದು ಹೊತ್ತಿನ ಕೆಲಸ. ರೋಗಿಯನ್ನು ಒಯ್ಯಲು ರಸ್ತೆಯೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಡ್ರೋನ್ ನೆಪದಲ್ಲಿ ಯಾವ ರಸ್ತೆಯೂ ನಿಲ್ಲಬಾರದು, ಯಾವ 108 ವಾಹನವೂ ಕಡಿಮೆಯಾಗಬಾರದು. ನಾನು ಕೇಳುತ್ತಿರುವುದು ಒಂದು ಕೊಳವೆ ರಕ್ತದ ಪ್ರಯಾಣವನ್ನು ಮಾತ್ರ.


ಪ್ರಯೋಗಾಲಯದ ತಂತ್ರಜ್ಞ, ಶಿವಮೊಗ್ಗ

ಮಂಗನ ಕಾಯಿಲೆಯ ಪರೀಕ್ಷೆ ದಿನಗಳ ಲೆಕ್ಕದ ಮೇಲೆ ನಿಂತಿದೆ. ಜ್ವರ ಬಂದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣುವೇ ಇರುತ್ತದೆ. ಆಗ ಆರ್‌ಟಿ‌ಪಿಸಿಆರ್ ಹಿಡಿಯುತ್ತದೆ. ದಿನ ಕಳೆದಂತೆ ವೈರಾಣು ಕಡಿಮೆಯಾಗಿ ಪ್ರತಿಕಾಯ ಹೆಚ್ಚುತ್ತದೆ; ಆಗ ಐಜಿಎಂ ಪರೀಕ್ಷೆ. ಸಿಸ್ಟರ್ ಹೇಳಿದ ಹಾಗೆ ನಾಲ್ಕು ದಿನ ಮನೆಯಲ್ಲಿ, ಮೂರು ದಿನ ಪೆಟ್ಟಿಗೆಯಲ್ಲಿ ಕಳೆದು, ನಡುವೆ ಐಸ್ ಕರಗಿದ್ದರೆ, ಕೊಳವೆಯಲ್ಲಿರುವ ವೈರಾಣುವಿನ ಗುರುತು ಅಳಿಯುತ್ತದೆ. ಕಾಯಿಲೆ ಇದ್ದರೂ ಇಲ್ಲ ಎಂಬ ವರದಿ ಹೋಗಬಹುದು. ನನಗೆ ನಿದ್ದೆ ಕೆಡಿಸುವುದು ಇದೇ. ತಡವಾದ ವರದಿಯಾದರೂ ತಡವಾಯಿತು ಎಂದು ತಿಳಿಯುತ್ತದೆ. ತಪ್ಪು ವರದಿ ನಂಬಿ ಮನೆಗೆ ಹೋದವರನ್ನು ಯಾರು ಹುಡುಕುತ್ತಾರೆ? ಈ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಮರುಕಳಿಸುತ್ತದೆ, ಆಗ ಮೆದುಳಿನ ಲಕ್ಷಣಗಳೂ ಕಾಣುತ್ತವೆ.

ಹಾರಾಟದ ಕುಲುಕಾಟಕ್ಕೆ ರಕ್ತ ಕೆಡುವುದಿಲ್ಲವೇ ಎಂದು ಒಬ್ಬರು ನನಗೆ ಕೇಳಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 2015ರಲ್ಲಿ ಇದನ್ನೇ ಪರೀಕ್ಷಿಸಿದರು. ಸಾಮಾನ್ಯ ರಕ್ತ ಪರೀಕ್ಷೆಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಘಟ್ಟದ ತಿರುವುಗಳಲ್ಲಿ ಜೀಪಿನಲ್ಲಿ ಬರುವ ಮಾದರಿಗಳು ಅದಕ್ಕಿಂತ ಹೆಚ್ಚು ಕುಲುಕಿರುತ್ತವೆ ಎಂಬುದು ನನ್ನ ಅನುಭವ. ಮುಖ್ಯವಾದದ್ದು ತಂಪು. ಮೂರು ಪದರದ ಕಟ್ಟು ಬೇಕು: ಒಳಗೆ ಕೊಳವೆ, ಅದರ ಸುತ್ತ ಹೀರುವ ಹತ್ತಿ ಮತ್ತು ಸೋರದ ಡಬ್ಬ, ಹೊರಗೆ ಗಟ್ಟಿ ಪೆಟ್ಟಿಗೆ. ಇದು ಬಹಳ ಎಚ್ಚರದಿಂದ ನಿರ್ವಹಿಸುವ ವೈರಾಣು. ಡ್ರೋನ್ ಕಾಡಿನಲ್ಲಿ ಬಿದ್ದರೆ ಪೆಟ್ಟಿಗೆ ಒಡೆಯಬಾರದು. ಸಿಕ್ಕವರು ಕುತೂಹಲಕ್ಕೆ ತೆರೆಯಬಾರದು. ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿರಬೇಕು, ಓದಲು ಬಾರದವರಿಗೆ ಚಿತ್ರವೂ ಇರಬೇಕು.


ಕಾನಿನಂಚಿನ ಸಾಗುವಳಿದಾರ, ಸೊರಬ

ಇಷ್ಟು ಹೊತ್ತು ಓದಿದೆ. ಎಲ್ಲರೂ ಒಳ್ಳೆಯದನ್ನೇ ಬಯಸಿದ್ದೀರಿ. ಆದರೆ ನಮ್ಮ ಮನೆಯ ಮೇಲೆ ಡ್ರೋನ್ ಹಾರಿದರೆ ನಮ್ಮ ಮಕ್ಕಳು ಒಳಗೆ ಓಡುತ್ತಾರೆ, ಹೆಂಗಸರು ಅಂಗಳದಿಂದ ಏಳುತ್ತಾರೆ. ಏಕೆಂದು ಹೇಳುತ್ತೇನೆ.

ನಮ್ಮದು ಎರಡು ಎಕರೆ ಬಗರ್ ಹುಕುಂ, ಅಂದರೆ ಸರ್ಕಾರಿ ಜಾಗದಲ್ಲಿ ಹಕ್ಕುಪತ್ರವಿಲ್ಲದ ಸಾಗುವಳಿ. ಸಕ್ರಮ ಮಾಡಿ ಎಂದು ನಮೂನೆ 53ರ ಅರ್ಜಿ ಕೊಟ್ಟು ಅಪ್ಪ ತೀರಿಕೊಂಡರು. ನಾನು 57 ಕೊಟ್ಟಿದ್ದೇನೆ. ಇನ್ನೂ ಸಾಗುವಳಿ ಚೀಟಿ ಬಂದಿಲ್ಲ. ಮೇಲಿನಿಂದ ತೆಗೆದ ಒಂದು ಚಿತ್ರದಲ್ಲಿ ನಮ್ಮ ಅಡಿಕೆ ಸಸಿ ಕಂಡರೆ ನಾಳೆ ಅದೇ ನಮ್ಮ ಮೇಲಿನ ಸಾಕ್ಷಿ. ಅದು ಆರೋಗ್ಯದ ಡ್ರೋನ್, ಇದು ಸರ್ವೆಯ ಡ್ರೋನ್ ಎಂದು ನೆಲದಲ್ಲಿ ನಿಂತವನಿಗೆ ಗೊತ್ತಾಗುವುದು ಹೇಗೆ? ಎರಡಕ್ಕೂ ಒಂದೇ ಸದ್ದು. ಮಂಗನ ಕಾಯಿಲೆ ಬರುವುದು ಕಾಡಿನಂಚಿನ ನಮ್ಮಂಥವರಿಗೇ. ನಾವು ಡ್ರೋನ್‌ಗೆ ಹೆದರಿದರೆ ಜ್ವರವನ್ನೂ ಮುಚ್ಚಿಡುತ್ತೇವೆ. ಎಲ್ಲಿ ಉಣುಗು ಕಚ್ಚಿತು ಎಂದು ಆಶಾ ಅಕ್ಕ ಕೇಳಿದರೆ ಮನೆ ಹಿತ್ತಲಲ್ಲಿ ಎನ್ನುತ್ತೇವೆ, ಕಾಡಿನಲ್ಲಿ ಎನ್ನುವುದಿಲ್ಲ. ಈಗಲೂ ಹಾಗೆ ಹೇಳುವವರಿದ್ದಾರೆ. ಆಮೇಲೆ ನೀವು ಎಷ್ಟು ಬೇಗ ವರದಿ ತಂದರೂ ಅದು ತಪ್ಪು ಬೆಟ್ಟದ ವರದಿ.


ಆಶಾ ಕಾರ್ಯಕರ್ತೆ, ಹಿನ್ನೀರಿನಾಚೆ

ಅಣ್ಣನವರು ಹೇಳಿದ್ದು ನಿಜ. ನನಗೂ ಹಿತ್ತಲು ಎಂದೇ ಹೇಳುತ್ತಾರೆ. ನಾನು ಪುಸ್ತಕದಲ್ಲಿ ಹಿತ್ತಲು ಎಂದೇ ಬರೆದುಕೊಂಡು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಬಾಟಲಿ ಕೊಡುವಾಗ ಮೆಲ್ಲಗೆ ಕೇಳುತ್ತೇನೆ. ಆಗ ಬೆಟ್ಟದ ಹೆಸರು ಹೇಳುತ್ತಾರೆ.


ವಕೀಲೆ, ಶಿವಮೊಗ್ಗ

ಸೊರಬದ ಅಣ್ಣನವರ ಮಾತಿಗೆ ಕಾನೂನಿನ ಬೆಂಬಲವಿದೆ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಸರ್ಕಾರ ಆ ಹಕ್ಕಿಗೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು.

ಸಾಂಕ್ರಾಮಿಕದ ನಡುವೆಯೂ ನ್ಯಾಯಾಲಯಗಳು ಇದನ್ನು ಕೇಳಿವೆ. ಲಾಕ್‌ಡೌನ್ ನಿಯಮ ಮುರಿಯುವವರನ್ನು ಹಿಡಿಯಲು ಪ್ಯಾರಿಸ್ ಪೊಲೀಸರು ಡ್ರೋನ್ ಹಾರಿಸುತ್ತಿದ್ದರು. ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರ ಮೇ 18ರಂದು ಅದನ್ನು ನಿಲ್ಲಿಸಿತು. ಜನರನ್ನು ಗುರುತಿಸಬಲ್ಲ ಕ್ಯಾಮೆರಾಕ್ಕೆ ಕಾನೂನಿನ ರಕ್ಷಣೆ ಇರಲಿಲ್ಲ ಎಂಬುದೇ ಕಾರಣ. ಅಮೆರಿಕದ ವೆಸ್ಟ್‌ಪೋರ್ಟ್ ಎಂಬ ಪಟ್ಟಣದಲ್ಲಿ ಮೇಲಿನಿಂದಲೇ ಜ್ವರ, ಕೆಮ್ಮು ಗುರುತಿಸುವ ಡ್ರೋನ್ ಪ್ರಯೋಗಿಸಲು ಹೊರಟವರು ಜನರ ವಿರೋಧ ಕಂಡು ಅದೇ ವರ್ಷದ ಏಪ್ರಿಲ್‌ನಲ್ಲಿ ಕೈಬಿಟ್ಟರು.

ಸಾರ್ವಜನಿಕ ಸುರಕ್ಷತೆ ಎಂಬ ಮಾತಿನೊಳಗೆ ಎರಡು ಕೆಲಸ ಬೆರೆತು ಹೋಗುತ್ತವೆ. ಜನರಿಗೆ ವಸ್ತು ತಲುಪಿಸುವುದು ಒಂದು. ಜನರ ಮೇಲೆ ಕಣ್ಣಿಡುವುದು ಇನ್ನೊಂದು. ಎರಡಕ್ಕೂ ಒಂದೇ ಯಂತ್ರ, ಒಂದೇ ಇಲಾಖೆ, ಒಂದೇ ಪಾಸ್‌ವರ್ಡ್ ಇರಕೂಡದು. ಮೇಷ್ಟ್ರು ಮನವಿ ಬರೆಯುವುದಾದರೆ ಇದನ್ನು ಮೊದಲ ಸಾಲಿನಲ್ಲೇ ಇಡಿ. ಕೊನೆಯಲ್ಲಿ ಇಟ್ಟ ಷರತ್ತನ್ನು ಯಾರೂ ಓದುವುದಿಲ್ಲ.


ಕಾನಿನಂಚಿನ ಸಾಗುವಳಿದಾರ, ಸೊರಬ

ಪೈಲಟ್ ಅವರೇ, ಕ್ಯಾಮೆರಾ ಇಲ್ಲದೆ ಡ್ರೋನ್ ಹಾರುತ್ತದೆಯೇ? ನೇರವಾಗಿ ಉತ್ತರಿಸಿ.


ತೋಟಕ್ಕೆ ಔಷಧಿ ಹೊಡೆಯುವ ಪೈಲಟ್, ಹೊಸನಗರ

ಹಾರುತ್ತದೆ. ದಾರಿ ಹಿಡಿಯುವುದು ಉಪಗ್ರಹದ ಸಂಕೇತದಿಂದ, ಎತ್ತರ ತಿಳಿಯುವುದು ಗಾಳಿಯ ಒತ್ತಡದಿಂದ ಮತ್ತು ನೆಲಕ್ಕೆ ಬಡಿದು ಮರಳುವ ಅಲೆಯಿಂದ. ಇಳಿಯುವಾಗ ಗದ್ದೆಯಲ್ಲಿ ದನ, ಮಕ್ಕಳು ಇದ್ದಾರೆಯೇ ಎಂದು ನೋಡಲು ಕೆಳಮುಖದ ಸಣ್ಣ ಕ್ಯಾಮೆರಾ ಇದ್ದರೆ ಒಳ್ಳೆಯದು. ಅದು ಕೊನೆಯ ಮೂವತ್ತು ಮೀಟರ್‌ನಲ್ಲಿ ಮಾತ್ರ ತೆರೆಯುವಂತೆ, ಏನನ್ನೂ ಉಳಿಸಿಕೊಳ್ಳದಂತೆ ಮಾಡಬಹುದು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸುವ ವ್ಯವಸ್ಥೆಯಾದರೆ ಅದೂ ಬೇಡ, ಕೆಳಗೆ ನಿಂತ ಸಿಸ್ಟರ್ ಕೈಬೀಸಿದರೆ ಸಾಕು. ಹಾರುವ ದಾರಿಯನ್ನು ಹೊಳೆ, ಹಿನ್ನೀರು, ರಸ್ತೆಯ ಮೇಲೆಯೇ ಎಳೆಯಬಹುದು. ನಾಲ್ಕೈದು ಕಿಲೋಮೀಟರ್ ಸುತ್ತಾಗುತ್ತದೆ, ಆಗಲಿ. ನೀರಿನ ಮೇಲೆ ಬಿದ್ದರೆ ಯಾರ ತಲೆಗೂ ಪೆಟ್ಟಿಲ್ಲ. ಡ್ರೋನ್‌ಗೆ ದೂರದಿಂದ ಕಾಣುವ ಬಣ್ಣ ಬಳಿಯಬೇಕು. ಅಂಚೆ ಪೆಟ್ಟಿಗೆಯ ಕೆಂಪು ಬಳಿದರೆ ಮಕ್ಕಳಿಗೂ ಗುರುತು ಸಿಗುತ್ತದೆ.


ಕಾನಿನಂಚಿನ ಸಾಗುವಳಿದಾರ, ಸೊರಬ

ನೀರಿನ ಮೇಲೆ, ರಸ್ತೆಯ ಮೇಲೆ ಹಾರಲಿ. ದಿನಕ್ಕೆ ಯಾವ ಹೊತ್ತಿಗೆ ಬರುತ್ತದೆ ಎಂದು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಬಸ್ಸಿನ ವೇಳೆಯ ಹಾಗೆ. ಅಷ್ಟಾದರೆ ನಮ್ಮ ಕೇರಿಗೆ ನಾನು ಹೇಳುತ್ತೇನೆ.


ಕೊಪ್ಪದ ಎಂಜಿನಿಯರ್, ಸದ್ಯ ಬೆಂಗಳೂರು

ಇನ್ನೊಂದು ಪ್ರಶ್ನೆ. ಮಾದರಿ ಕೆಳಗೆ ಬರುವಾಗ ತುಂಬಿದ ಪೆಟ್ಟಿಗೆ. ಮೇಲೆ ಹೋಗುವಾಗ ಖಾಲಿ ಹೋಗಬೇಕೇ? ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ಕಳುಹಿಸಬಹುದಿತ್ತು, ಆದರೆ ಅದು ನಿಂತಿದೆ.


ತೀರ್ಥಹಳ್ಳಿಯ ಆರೋಗ್ಯ ಸಹಾಯಕಿ

ಹೌದು, ಶಕ್ತಿ ಸಾಲದು ಎಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷ ವರ್ಷ ಬೂಸ್ಟರ್. ಚುಚ್ಚಿದ ಜಾಗ ಎರಡು ದಿನ ನೋಯುತ್ತಿತ್ತು. ಕೂಲಿ ತಪ್ಪುತ್ತದೆ ಎಂದು ಎರಡನೆಯ ಡೋಸ್‌ಗೆ ಬಾರದವರ ಮನೆಗಳಿಗೆ ನಾನು ಎಷ್ಟು ಸಲ ನಡೆದಿದ್ದೇನೋ. ಹೊಸ ಲಸಿಕೆ ಬಂದ ದಿನ 2ರಿಂದ 8 ಡಿಗ್ರಿಯ ತಂಪಿನಲ್ಲಿ ಮೂಲೆ ಮೂಲೆಗೆ ಮುಟ್ಟಿಸಬೇಕಾಗುತ್ತದೆ. ಈಗ ದಾರಿ ಸಿದ್ಧವಾದರೆ ಆಗ ಕೆಲಸಕ್ಕೆ ಬರುತ್ತದೆ.

ಸದ್ಯಕ್ಕೆ ಮೇಲೆ ಕಳುಹಿಸಲು ನನ್ನ ಬಳಿ ಒಂದೇ ಪಟ್ಟಿ: ಖಾಲಿ ಕೊಳವೆಗಳು, ಐಸ್ ಪ್ಯಾಕ್, ಮುಗಿದುಹೋದ ಡೀಪಾ ಎಣ್ಣೆ (ಉಣುಗು ತಡೆಯುವ ಎಣ್ಣೆ). ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನು ಡ್ರೋನ್‌ನಲ್ಲಿ ತರಿಸಬಹುದು ಎಂದು ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ, ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಮೊದಲೇ ಇರಬೇಕಾದ ವಸ್ತು. ಕಚ್ಚಿದ ಮೇಲೆ ತರಿಸುವುದಲ್ಲ. ಆಕ್ಸಿಜನ್ ಕೂಡ ಹಾಗೆಯೇ. 2021ರ ಮೇ ತಿಂಗಳಲ್ಲಿ ನಾವು ಸಿಲಿಂಡರ್‌ಗಾಗಿ ಪಟ್ಟ ಪಾಡು ನೆನಪಿದೆ. ದೊಡ್ಡ ಸಿಲಿಂಡರ್ ಒಬ್ಬ ಆಳಿನ ತೂಕ. ಎರಡು ಕಿಲೋ ಹೊರುವ ಹಕ್ಕಿಯ ಹತ್ತಿರ ಅದನ್ನು ಕೇಳುವಂತಿಲ್ಲ.


ಹಿನ್ನೀರಿನ ಮೇಷ್ಟ್ರು, ಸಾಗರ ತಾಲ್ಲೂಕು

ನಾನು ಆರಂಭದಲ್ಲಿ ಕೇಳಿದ್ದು ಜಾಲ. ನಿಮ್ಮೆಲ್ಲರ ಮಾತು ಓದಿದ ಮೇಲೆ ಮನವಿಯಲ್ಲಿ ಒಂದೇ ದಾರಿಯನ್ನು ಕೇಳಬೇಕು ಎನ್ನಿಸಿದೆ. ಹಿನ್ನೀರಿನಾಚೆಯ ಒಂದು ಉಪಕೇಂದ್ರದಿಂದ ಸಾಗರದ ಆಸ್ಪತ್ರೆಗೆ, ಒಂದು ಋತು, ಡಿಸೆಂಬರ್‌ನಿಂದ ಮೇ. ಕ್ಯಾಮೆರಾ ಚಿತ್ರ ಉಳಿಸಬಾರದು, ಬೇರೆ ಇಲಾಖೆಗೆ ಕೊಡಬಾರದು ಎಂಬುದು ಮೊದಲ ಸಾಲು. ಒಂದೇ ಮಾದರಿಯಾದರೂ ಅದೇ ದಿನ ಹೊರಡಬೇಕು ಎಂಬುದು ಎರಡನೆಯದು. ಪೈಲಟ್ ಆಗಿ ಈ ಊರಿನ ಹುಡುಗ ಹುಡುಗಿಯರನ್ನೇ ತರಬೇತಿ ಕೊಟ್ಟು ತೆಗೆದುಕೊಳ್ಳಬೇಕು. ಕಾಳ್ಗಿಚ್ಚಿನ ಕಾವಲಿಗೂ ಇದೇ ಡ್ರೋನ್ ಬಳಸಬಹುದು ಎಂದು ಬರೆಯಬೇಕೆಂದಿದ್ದೆ, ಅದೂ ಬೇಸಿಗೆಯದೇ ಕಷ್ಟ. ವಕೀಲೆಯವರ ಮಾತು ಓದಿ ಅಳಿಸಿದೆ. ಬೆಂಕಿ ನೋಡುವ ಕಣ್ಣು ಗದ್ದೆಯನ್ನೂ ನೋಡುತ್ತದೆ.

ಗ್ರಾಮಸಭೆಯಲ್ಲಿ ಇದನ್ನು ಓದುವ ಮೊದಲು ನನಗೆ ಒಂದು ಲೆಕ್ಕ ಬೇಕು. ಮಾದರಿ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರಾದರೂ ಬರೆದಿಟ್ಟಿದ್ದಾರೆಯೇ?


ಪ್ರಯೋಗಾಲಯದ ತಂತ್ರಜ್ಞ, ಶಿವಮೊಗ್ಗ

ನಮ್ಮಲ್ಲಿ ತಲುಪಿದ ಹೊತ್ತು, ವರದಿ ಕೊಟ್ಟ ಹೊತ್ತು ದಾಖಲಾಗುತ್ತದೆ. ಅದಕ್ಕೂ ಮೊದಲಿನದು ನಮೂನೆಯಲ್ಲಿ ದಿನಾಂಕ ಮಾತ್ರ ಇರುತ್ತದೆ, ಗಂಟೆ ಇರುವುದಿಲ್ಲ.


ತೋಟಕ್ಕೆ ಔಷಧಿ ಹೊಡೆಯುವ ಪೈಲಟ್, ಹೊಸನಗರ

ಭಾನುವಾರ ಬಿಡುವಿದೆ. ಮೇಷ್ಟ್ರೇ, ನಿಮ್ಮ ಕಡೆ ಬಂದು ಗದ್ದೆಯ ಅಳತೆ, ಸುತ್ತಲಿನ ಮರಗಳ ಎತ್ತರ, ತಂತಿಯ ಗೋಪುರಗಳನ್ನು ಬರೆದುಕೊಳ್ಳುತ್ತೇನೆ. ಡ್ರೋನ್ ತರುವುದಿಲ್ಲ, ಟೇಪು ಮತ್ತು ದುರ್ಬೀನು ತರುತ್ತೇನೆ.


ಆಶಾ ಕಾರ್ಯಕರ್ತೆ, ಹಿನ್ನೀರಿನಾಚೆ

ಮೇಷ್ಟ್ರೇ, ಇವತ್ತು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿದ್ದೇನೆ. ಜ್ವರ ಶುರುವಾದ ದಿನ, ರಕ್ತ ತೆಗೆದ ಗಂಟೆ, ಉಪಕೇಂದ್ರದಿಂದ ಹೊರಟ ಗಂಟೆ, ಸಾಗರ ಮುಟ್ಟಿದ ಗಂಟೆ, ವರದಿ ಬಂದ ಗಂಟೆ. ಹೆಸರು ಬರೆಯುವುದಿಲ್ಲ, ಸಂಖ್ಯೆ ಮಾತ್ರ. ಕೊನೆಯ ಸಾಲಿನಲ್ಲಿ ಹಿತ್ತಲು ಎಂದಷ್ಟೇ ಇದೆ. ಮೊದಲನೆಯವರ ರಕ್ತವನ್ನು ಈ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ತೆಗೆದರು. ಸಂಜೆ ಆರಾಯಿತು, ಪೆಟ್ಟಿಗೆ ಇನ್ನೂ ಇಲ್ಲೇ ಇದೆ. ಐಸ್ ಬದಲಾಯಿಸಿ ಬಂದು ಇದನ್ನು ಬರೆಯುತ್ತಿದ್ದೇನೆ, ಹಲಸಿನ ಮರದ ಹತ್ತಿರ ನಿಂತು.